ಹಿಮ್ಮಡಿ ಹೊರಗ!

ನಮ್ಮ ಮಾವನವರ ಎಡಗಾಲಿನ ಹಿಮ್ಮಡಿ ಸುಮ್ಮನೆ ಒಂದು ಕಡೆ ನಿಲ್ಲುತ್ತಿರಲಿಲ್ಲ. ಬೇಸಿಗೆಯಲ್ಲಿ ಒಡೆದು, ಕೊಬ್ಬರಿ ಎಣ್ಣೆ ಕುಡಿದು ಕಪ್ಪಾಗಿದ್ದ ಆ ಹಿಮ್ಮಡಿ, ಅವರು ನಿಂತಲ್ಲೇ ಸಟಕ್ಕನೆ ಹೊರಕ್ಕೆ ತಿರುಗುತ್ತಿತ್ತು, ಮತ್ತೆ ಒಳಕ್ಕೆ ಬರುತ್ತಿತ್ತು. ಕಾಯಿಪಲ್ಯೆ ಆರಿಸುವಾಗ ತಿರುಗುತ್ತಿತ್ತು. ಯಾರದೋ ಮದುವೆಯಲ್ಲಿ ಅಕ್ಷತೆ ಹಿಡಿದು ನಿಂತಾಗಲೂ ತಿರುಗುತ್ತಿತ್ತು. ನೋಡಿದವರು ವಾತ ಅಂದುಕೊಂಡರು. ಒಬ್ಬಿಬ್ಬರು ಯಾವ ಎಣ್ಣೆ ತಿಕ್ಕಬೇಕೆಂದೂ ಹೇಳಿದರು. ಅದು ವಾತವಲ್ಲ, ನನಗೆ ಪಾಠ ಹೇಳಿ ಹೇಳಿ ಹತ್ತಿದ ಚಟ ಅಂತ ನಾನು ಯಾರ ಮುಂದೆ ಹೇಳಲಿ!

ಸೈಕಲ್ ನನಗೆ ಮೊದಲೇ ಬರುತ್ತಿತ್ತು. ತೊಂಬತ್ತರ ದಶಕದಲ್ಲಿ ಧಾರವಾಡದಲ್ಲಿ ಕಾಲೇಜು ಓದುವಾಗ ರೇಸಿಗೂ ಇಳಿದವಳು ನಾನು. ಮದುವೆಯಾಗಿ ಹುಬ್ಬಳ್ಳಿಯ ವಿದ್ಯಾನಗರಕ್ಕೆ ಬರುವಾಗ, ನನ್ನಣ್ಣ ತನ್ನ ರೇಸ್ ಸೈಕಲ್ಲನ್ನು ನನ್ನ ಎತ್ತರಕ್ಕೆ ಹೊಂದಿಸಿ, ಅದಕ್ಕೆ ಹೊಸ ಪೆಡಲು ಹಾಕಿಸಿ, ಜೊತೆಗೊಂದು ಜೋಡಿ ಬೂಟು ಇಟ್ಟು ಲಗ್ನದ ಸಾಮಾನಿನ ಟೆಂಪೋಕ್ಕೆ ಏರಿಸಿಬಿಟ್ಟ. ಹಂಡೆ, ಕೊಡ, ಗಾದಿಗಳ ನಡುವೆ ಆ ಸಪೂರ ಸೈಕಲ್ ಇಳಿದದ್ದನ್ನು ನೋಡಿ ನಮ್ಮ ಅತ್ತೆಯವರು ಅದೇನು ಹೊಲಿಗೆ ಮಷಿನ್ನೇ ಎಂದು ಕೇಳಿದ್ದರಂತೆ.

ಆ ಪೆಡಲಿನ ಸ್ವಭಾವ ಹೇಳಬೇಕು. ಬೂಟಿನ ತಳದಲ್ಲಿ ಒಂದು ಗಟ್ಟಿ ಹಲ್ಲು ಇರುತ್ತದೆ. ಪೆಡಲಿನ ಮೇಲೆ ಒತ್ತಿದರೆ ಕಟಕ್ ಎಂದು ಕಚ್ಚಿಕೊಳ್ಳುತ್ತದೆ. ಆಮೇಲೆ ಕಾಲು ಮೇಲೆತ್ತಿದರೆ ಬಿಡುವುದಿಲ್ಲ, ಹಿಂದಕ್ಕೆ ಜಗ್ಗಿದರೂ ಬಿಡುವುದಿಲ್ಲ. ಹಿಮ್ಮಡಿಯನ್ನು ಹೊರಕ್ಕೆ ತಿರುಗಿಸಿದರೆ ಮಾತ್ರ ಬಿಡುತ್ತದೆ. ಅದನ್ನೂ ಸೈಕಲ್ ನಿಲ್ಲುವ ಮೊದಲೇ ಮಾಡಬೇಕು. ನಿಂತ ಮೇಲೆ ನೆನಪಾಯಿತೋ, ಗೋಡೆಗೆ ಆನಿಸಿದ ಏಣಿ ಜಾರಿದ ಹಾಗೆ ಸೈಕಲ್ ಸಮೇತ ಮಗ್ಗುಲಿಗೆ ಬೀಳುವುದೇ. ಅಣ್ಣ ಪುಣ್ಯಾತ್ಮ ಪೆಡಲು ಕೊಟ್ಟು ತನ್ನ ಊರಿಗೆ ಹೋಗಿಬಿಟ್ಟ, ಕಲಿಸಲಿಲ್ಲ.

ಮೊದಲ ಸಲ ಬಿದ್ದದ್ದು ಹಿಟ್ಟಿನ ಗಿರಣಿಯ ಮುಂದೆ. ಜ್ವಾಳದ ಡಬ್ಬಿ ಹಿಡಿದು ನಿಂತಿದ್ದ ಹೆಂಗಸರೆಲ್ಲ "ಅಯ್ಯಯ್ಯ, ಹೊಸಾ ಸೊಸಿ ಬಿದ್ಲು!" ಎಂದು ಓಡಿ ಬಂದರು. ಎತ್ತಲು ನೋಡಿದರೆ ನಾನೊಬ್ಬಳೇ ಬರಲೊಲ್ಲೆ, ಸೈಕಲ್ಲೂ ಬರುತ್ತದೆ. ಮನೆಗೆ ಹೋಗಿ ಮೊಣಕೈಗೆ ಅರಿಶಿನ ಹಚ್ಚಿಕೊಂಡು, ಆ ಬೂಟನ್ನು ಅಟ್ಟಕ್ಕೆ ಎಸೆಯುತ್ತೇನೆಂದು ಕೂಗಾಡಿದೆ. ನನ್ನ ಗಂಡ ಪಾಪದವರು, "ಅಪ್ಪನ್ನ ಒಂದು ಮಾತು ಕೇಳು" ಅಂದರು. ಅವರು ಎಲ್ಲದಕ್ಕೂ ಹಾಗೇ ಅನ್ನುವುದು.

ಮಾವನವರು ಸರ್ಕಾರಿ ಕಚೇರಿಯಲ್ಲಿ ಹೆಡ್ ಕ್ಲರ್ಕ್ ಆಗಿ ನಿವೃತ್ತರಾದವರು. ಬಿಳಿ ಧೋತರ, ಬಗಲಲ್ಲಿ ಛತ್ರಿ. ಮಳೆ ಇರಲಿ ಬಿಡಲಿ ಛತ್ರಿ ಬೇಕು. ಎಲ್ಲಿಗೆ ಹೋದರೂ ನಡೆದೇ ಹೋಗುವವರು. ಪೆಡಲಿನ ಡಬ್ಬಿಯಲ್ಲಿ ಬಂದಿದ್ದ ಕಾಗದವನ್ನು ಭೂತಕನ್ನಡಿ ಹಿಡಿದು ಓದಿದರು. ಅದರಲ್ಲಿ ಇದ್ದ ಪರದೇಶದ ಭಾಷೆ ಯಾವುದೂ ಅವರಿಗೆ ಬರುತ್ತಿರಲಿಲ್ಲ, ಆದರೆ ಚಿತ್ರಗಳಿದ್ದವು. ಮರುದಿನ ಮುಂಜಾನೆ ನೋಡುತ್ತೇನೆ, ಧೋತರ ಮೇಲೆ ಕಟ್ಟಿಕೊಂಡು ಗೇಟಿನ ಮುಂದಿನ ಕಲ್ಲಿನ ಮೇಲೆ ನಿಂತಿದ್ದಾರೆ.

"ಯವ್ವಾ, ನಾ ಪೂರಾ ತಿಳಕೊಂಡೇನಿ. ನಿನ್ನ ತಪ್ಪು ಬೀಳೋದರಾಗ ಇಲ್ಲ, ನಿಲ್ಲೋದರಾಗ ಐತಿ."

"ಮಾವಾರ, ನಿಮಗ ಸೈಕಲ್ ಹೊಡಿಯಾಕ ಬರತೈತೇನ್ರಿ?"

"ಇಲ್ಲ. ಅದಕ್ಕ ನನಗ ಅದರಾಗಿನ ಒಂದೂ ಕೆಟ್ಟ ರೂಢಿ ಇಲ್ಲ."

ಇಂಥ ಗುರುಗಳಿಗೆ ಏನು ಹೇಳುತ್ತೀರಿ! ಒಂದು ಕೈ ಕಂಪೌಂಡಿನ ಗೋಡೆಗೆ ಕೊಟ್ಟು ಸೈಕಲ್ ಮೇಲೆ ಕೂತೆ. ಕಟಕ್, ಕಾಲು ಸಿಕ್ಕಿತು. ಬಿಡಿಸಲು ಬರಲೊಲ್ಲದು. ಮಾವನವರು ಛತ್ರಿ ಬದಿಗಿಟ್ಟು, ಬಗ್ಗಿ, ಎರಡೂ ಕೈಯಿಂದ ನನ್ನ ಪಾದ ಹಿಡಿದರು. ನನಗೆ ಜೀವ ಬಾಯಿಗೆ ಬಂತು. ಹಿರಿಯರು ಸೊಸೆಯ ಕಾಲು ಮುಟ್ಟುವುದೆಂದರೇನು!

"ಬ್ಯಾಡ್ರಿ ಮಾವಾರ, ಕಾಲು ಮುಟ್ಟಬ್ಯಾಡ್ರಿ, ನನಗ ಪಾಪ ಬರತೈತಿ!"

"ಕಾಲೆಲ್ಲೈತಿ? ಇದು ಬೂಟು" ಎಂದು ಹಿಮ್ಮಡಿ ಹಿಡಿದು ಹೊರಕ್ಕೆ ತಿರುಗಿಸಿದರು. ಕಟಕ್. ಬಿಟ್ಟಿತು. ಅವರ ಮುಖದಲ್ಲಿ ಅರ್ಧ ಹುಬ್ಬಳ್ಳಿ ಗೆದ್ದ ಸಂತೋಷ.

ಅಂದಿನಿಂದ ದಿನಾ ಮುಂಜಾನೆ ಇದೇ ಜಾತ್ರೆ. ನಾನು ಓಣಿಯ ಆ ತುದಿಗೆ ಹೋಗಿ ಬರುವುದು, ಗೇಟು ಹತ್ತಿರ ಬಂದಂತೆ ಅವರು ಕಲ್ಲಿನ ಮೇಲೆ ನಿಂತು ತಮ್ಮ ಎಡಗಾಲಿನ ಹಿಮ್ಮಡಿ ತಿರುಗಿಸಿ ತೋರಿಸುತ್ತ "ಹಿಮ್ಮಡಿ ಹೊರಗ! ಹಿಮ್ಮಡಿ ಹೊರಗ!" ಎಂದು ಒದರುವುದು. ಎದುರು ಮನೆಯಾಕೆ ಅಂಗಳಕ್ಕೆ ರಂಗೋಲಿ ಹಾಕುತ್ತ, ತಲೆ ಎತ್ತದೆಯೇ, "ಹಿಮ್ಮಡಿ ತಂಗಿ, ಹಿಮ್ಮಡಿ" ಅನ್ನುತ್ತಿದ್ದಳು. ನಾನು ಎಡಕ್ಕೆ ವಾಲುವಾಗ ಬಲ ಹಿಮ್ಮಡಿ ಬಿಡಿಸುತ್ತಿದ್ದೆ. ಬಲಗಾಲು ಗಾಳಿಯಲ್ಲಿ, ನಾನು ನೆಲದಲ್ಲಿ.

ಬಿದ್ದರೆ ಅವರು ಎಂದೂ "ಪೆಟ್ಟಾತೇನು" ಅಂತ ಮೊದಲು ಕೇಳುತ್ತಿರಲಿಲ್ಲ. "ಯಾವ ಕಾಲು?" ಅನ್ನುತ್ತಿದ್ದರು. ನಾನು ಸಿಟ್ಟಿನಿಂದ "ಎರಡೂ!" ಅನ್ನುತ್ತಿದ್ದೆ. ಆಮೇಲೆ ಒಳಗೆ ಹೋಗಿ ಅರಿಶಿನದ ಬಟ್ಟಲು ತಾವೇ ತಂದು ಕಟ್ಟೆಯ ಮೇಲೆ ಇಡುತ್ತಿದ್ದರು.

ಇಷ್ಟರಲ್ಲೇ ಕಲಿತುಬಿಡುತ್ತಿದ್ದೆನೋ ಏನೋ. ಆದರೆ ಅವರದೊಂದು ಕಟ್ಟುನಿಟ್ಟು ಇತ್ತು. ದಾರಿಯಲ್ಲಿ ಹಿರಿಯರು ಕಂಡರೆ ಸೈಕಲ್ಲಿನಿಂದ ಇಳಿಯಲೇಬೇಕು. "ಸೀಟಿನ ಮ್ಯಾಲೆ ಕುಂತು ಹಿರಿಯಾರ ಜೋಡಿ ಮಾತಾಡೋದು ನಮ್ಮ ಮನ್ಯಾಗ ಇಲ್ಲವಾ." ಆಗಲಿ, ಸಂಸ್ಕಾರ ಒಳ್ಳೆಯದೇ. ಆದರೆ ಹುಬ್ಬಳ್ಳಿ ಊರ ತುಂಬ ಮಾವನವರ ಪರಿಚಯದ ಹಿರಿಯರೇ! ಅವರು ಕಂಡರೆ ಸಾಕು, ಗಾಬರಿಯಾಗಿ ಬ್ರೇಕ್ ಒತ್ತುತ್ತಿದ್ದೆ, ಹಿಮ್ಮಡಿ ಮರೆಯುತ್ತಿದ್ದೆ.

ಒಮ್ಮೆ ಗೋಕುಲ ರಸ್ತೆಯಲ್ಲಿ ಅವರ ಹಳೆಯ ಕಚೇರಿಯ ಗೆಳೆಯರೊಬ್ಬರು ಎದುರಾದರು. ಮಾವನವರು ಆ ದಿನ ನನ್ನ ಜೊತೆಯೇ, ಸ್ವಲ್ಪ ಹಿಂದೆ, ನಡೆದು ಬರುತ್ತಿದ್ದರು. ನಾನು ಇಳಿಯಲು ಹೋಗಿ ಆ ಗೆಳೆಯರ ಚಪ್ಪಲಿಯ ಮುಂದೆಯೇ ದೊಪ್ಪನೆ ಬಿದ್ದೆ. ಅವರು ಎರಡು ಹೆಜ್ಜೆ ಹಿಂದೆ ಸರಿದರು. ಆಮೇಲೆ ಅವರ ಕಣ್ಣು ತುಂಬಿ ಬಂತು. ಬಗ್ಗಿ ನನ್ನ ತಲೆ ಮುಟ್ಟಿ, "ಸುಖವಾಗಿರವಾ" ಅಂದವರೇ ಮಾವನವರ ಕಡೆ ತಿರುಗಿದರು.

"ಎಂಥಾ ಸೊಸೀನ ತಂದೀಯೋ ಮಾರಾಯಾ! ಈಗಿನ ಕಾಲದಾಗ ಡಾಂಬರ ಮ್ಯಾಲೆ ಉದ್ದಕ ಬಿದ್ದು ನಮಸ್ಕಾರ ಮಾಡೋರು ಎಲ್ಲಿ ಸಿಗತಾರ?"

ಮಾವನವರ ರೆಪ್ಪೆ ಅಲುಗಲಿಲ್ಲ. "ನಮ್ಮ ಮನೀ ಪದ್ಧತಿ ಹಂಗೈತಿ" ಅಂದರು.

ಗೆಳೆಯರು ತಿರುವಿನಲ್ಲಿ ಮರೆಯಾಗುವವರೆಗೆ ತಡೆದುಕೊಂಡಿದ್ದು, ಆಮೇಲೆ ಒಂದು ಕಟ್ಟೆಯ ಮೇಲೆ ಕೂತು ಛತ್ರಿಗೆ ಹಣೆ ಹಚ್ಚಿ ನಕ್ಕರು. ಆ ಮನುಷ್ಯ ಅಷ್ಟು ನಗಬಲ್ಲರು ಅಂತ ನನಗೆ ಗೊತ್ತೇ ಇರಲಿಲ್ಲ. ಹೊಟ್ಟೆ ಹಿಡಿದುಕೊಂಡು ನಾನೂ ನಕ್ಕೆ.

ನಗು ಬಹಳ ದಿನ ನಡೆಯಲಿಲ್ಲ. ಸುದ್ದಿ ದೊಡ್ಡತ್ತೆಗೆ ಮುಟ್ಟಿತು. ದೊಡ್ಡತ್ತೆ ಎಂದರೆ ಮಾವನವರ ಅಕ್ಕ, ನವಲಗುಂದದ ಕಡೆಯವರು. ತಾಯಿ ಇಲ್ಲದ ಮಾವನವರನ್ನು ಸಾಕಿ ಬೆಳೆಸಿದವರು. ನಮ್ಮ ಮನೆಯಲ್ಲಿ ಅವರ ಮಾತೆಂದರೆ ಮುಗಿಯಿತು. ಅವರು ಬೇಡ ಅಂದ ಸಂಬಂಧಗಳು ಮುರಿದಿವೆ, ಅವರು ಬೇಡ ಅಂದ ಬಣ್ಣ ಗೋಡೆಗೆ ಏರಿಲ್ಲ. "ಸೊಸಿ ಪ್ಯಾಂಟ್ ಹಾಕ್ಕೊಂಡು ಓಣ್ಯಾಗ ಬೀಳಾಕತ್ತಾಳಂತ. ರವಿವಾರ ಬರತೇನಿ. ಆ ಸೈಕಲ್ ತವರಿಗೆ ಕಳಸೋ ತಯಾರಿ ಮಾಡ್ರಿ" ಎಂದು ಹೇಳಿ ಕಳಿಸಿದರು. ಮುಂದಿನ ತಿಂಗಳು ಧಾರವಾಡದಲ್ಲಿ ಹೆಣ್ಣುಮಕ್ಕಳ ರೇಸ್ ಇತ್ತು. ಮದುವೆಯಾದ ಮೇಲೆ ನನ್ನದು ಅಂತ ನನಗೆ ಉಳಿದದ್ದು ಅದೊಂದೇ ಅನಿಸಿತ್ತು. ಒಳಗೆ ಹೋಗಿ ಸೆರಗು ಬಾಯಿಗೆ ಒತ್ತಿಕೊಂಡು ಅತ್ತುಬಿಟ್ಟೆ.

"ನೀವು ಒಂದು ಮಾತು ಹೇಳ್ರಿ ಮಾವಾರ, ನಿಮ್ಮ ಅಕ್ಕಾರು ನಿಮ್ಮ ಮಾತು ಕೇಳತಾರ" ಅಂದೆ.

ಅವರು ಬಹಳ ಹೊತ್ತು ಛತ್ರಿಯ ಹಿಡಿಕೆ ಒರೆಸಿದರು. "ಆಕಿ ಮುಂದ ನಾ ಇನ್ನೂ ಸಣ್ಣ ಹುಡುಗನ ಅದೇನಿ ಯವ್ವಾ. ನಾನೂ ಸೈಕಲ್ ಕಲೀತೇನಿ ಅಂದಿದ್ದೆ ಒಮ್ಮೆ. ಕೈಕಾಲು ಮುರಕೋತಿ, ಬ್ಯಾಡ ಅಂದ್ಲು. ಮುಗೀತು. ಇವತ್ತಿನ ತನಕ ನಡಕೋತ ಹೊಂಟೇನಿ."

ರವಿವಾರ ದೊಡ್ಡತ್ತೆ ಮಧ್ಯಾಹ್ನದ ಬಸ್ಸಿಗೆ ಬರುತ್ತಾರೆ ಅಂತ ಎಲ್ಲರ ಲೆಕ್ಕ. ಇದೇ ಕೊನೆಯ ಸವಾರಿ ಇರಬಹುದೆಂದು ನಾನು ಮುಂಜಾನೆ ಹೋಗಿದ್ದೆ. ತಿರುಗಿ ಓಣಿಗೆ ಬರುತ್ತೇನೆ, ಗೇಟಿನ ಮುಂದೆ ಆಟೋ! ಇಳಕಲ್ ಸೀರೆಯ ಸೆರಗು ತಲೆಯ ಮೇಲೆ ಎಳೆದುಕೊಳ್ಳುತ್ತ ದೊಡ್ಡತ್ತೆ ಇಳಿದು ನಿಂತಿದ್ದಾರೆ. ನಾನು ಪ್ಯಾಂಟಿನಲ್ಲಿ. ಮಾವನವರು ಕಲ್ಲಿನ ಮೇಲೆ.

ಇಳಿಯಬೇಕು, ಹಿರಿಯರು. ಬ್ರೇಕ್ ಒತ್ತಿದೆ.

"ಹಿಮ್ಮಡಿ ಹೊರಗ!" ಅಂದರು ಮಾವನವರು.

ಬಲ ಹಿಮ್ಮಡಿ ಬಿಡಿಸಿದೆ. ಎಡಕ್ಕೆ ಬಿದ್ದೆ. ಸರಿಯಾಗಿ ದೊಡ್ಡತ್ತೆಯ ಪಾದದ ಮುಂದೆ, ಹಣೆ ಅವರ ಕಾಲುಂಗುರಕ್ಕೆ ತಾಗುವಷ್ಟು ಹತ್ತಿರ. ಎಡಗಾಲು ಇನ್ನೂ ಪೆಡಲಿನಲ್ಲಿ, ಹಿಂದಿನ ಚಕ್ರ ಟಿಕ್ ಟಿಕ್ ಎಂದು ತಿರುಗುತ್ತಿದೆ. ಎದುರು ಮನೆಯಾಕೆಯ ರಂಗೋಲಿ ನಿಂತಿತು.

ಈಗ ಮಾವನವರು "ನಮ್ಮ ಪದ್ಧತಿ ಹಂಗೈತಿ" ಅನ್ನುತ್ತಾರೆ ಅಂತ ನೆಲದ ಮೇಲೆಯೇ ಕಾದೆ. ಅವರ ಬಾಯಿಂದ ಒಂದು ಮಾತೂ ಬರಲಿಲ್ಲ. ನನ್ನ ಬೆನ್ನ ಹಿಂದೆ ಇದ್ದರು, ಕಾಣಲಿಲ್ಲ. ದೊಡ್ಡತ್ತೆ ನನ್ನ ತಲೆಯ ಮೇಲಿಂದ ಆಚೆಗೆ ನೋಡುತ್ತ ಸ್ವಲ್ಪ ಹೊತ್ತು ನಿಂತರು. ಆಮೇಲೆ ಬಗ್ಗಿ ನನ್ನ ತಲೆ ಮುಟ್ಟಿದರು.

"ಏಳವಾ. ಮುತ್ತೈದಿಯಾಗಿ ನೂರು ವರ್ಷ ಬಾಳು. ಎಷ್ಟ ಭಕ್ತಿ ಮಾಡತಿ, ಸಾಕು."

ಊಟಕ್ಕೆ ಕೂತಾಗ ತೀರ್ಪು ಬಂತು. "ಸೈಕಲ್ ಇರಲಿ. ಪ್ಯಾಂಟಿನ ಮ್ಯಾಲೆ ಉದ್ದನ್ನ ಅಂಗಿ ಹಾಕ್ಕೋ. ಬದನಿಕಾಯಿ ಪಲ್ಯೆ ಇನ್ನಷ್ಟು ನೀಡು." ಮಾವನವರು ತಟ್ಟೆಯಿಂದ ತಲೆ ಎತ್ತಲಿಲ್ಲ. ತಟ್ಟೆಯ ಮುಂದೆ ಮಡಚಿದ್ದ ಎಡಗಾಲಿನ ಹಿಮ್ಮಡಿ ಮಾತ್ರ ಕುಣಿಯುತ್ತಿತ್ತು.

ಧಾರವಾಡದ ರೇಸಿನಲ್ಲಿ ನಾನು ನಾಲ್ಕನೆಯವಳಾಗಿ ಬಂದೆ. "ನಾಕನೇ ನಂಬರ!" ಎಂದು ಮಾವನವರು ಓಣಿಗೆಲ್ಲ ಪೇಢೆ ಹಂಚಿದರು. ರೇಸಿಗೆ ಇಳಿದವರು ಐದೇ ಜನ ಎಂಬುದನ್ನು ಅವರೂ ಹೇಳಲಿಲ್ಲ, ನಾನೂ ಹೇಳಲಿಲ್ಲ. ಐದನೆಯಾಕೆಯ ಟೈರು ಒಡೆದಿತ್ತು. ಮುಂದಿನ ವರ್ಷಗಳಲ್ಲಿ ಒಂದೆರಡು ಸಲ ನಿಜವಾಗಿಯೂ ಗೆದ್ದೆ. ಆದರೆ ಆ ಪೇಢೆಯ ರುಚಿ ಆಮೇಲೆ ಬರಲಿಲ್ಲ.

ಆ ದಶಕದ ಕೊನೆಗೆ ಮಾವನವರು ಹಾಸಿಗೆ ಹಿಡಿದರು. ಮಾತು ಹೋಗಿತ್ತು, ಆಸ್ಪತ್ರೆಗೆ ಸೇರಿಸಿದ್ದೆವು. ಒಂದು ಮುಂಜಾನೆ ಸವಾರಿ ಮುಗಿಸಿ ನೆಟ್ಟಗೆ ಆಸ್ಪತ್ರೆಗೆ ಹೋದೆ. ಆ ಬೂಟಿನ ಹಲ್ಲು ಫರಸಿ ನೆಲದ ಮೇಲೆ ಟಕ್ ಟಕ್ ಅನ್ನುವುದು ಕೇಳಿ ನರ್ಸ್ "ಏನ್ರೀ ಇದು, ಕುದರಿ ಬಂದಂಗ!" ಎಂದು ಬೈದಳು. ಮಾವನವರ ಕಣ್ಣು ಮುಚ್ಚಿದ್ದವು. ಹೊದಿಕೆಯ ಕೆಳಗೆ ಎಡಗಾಲಿನ ಹಿಮ್ಮಡಿ ಮೆಲ್ಲಗೆ ಹೊರಕ್ಕೆ ತಿರುಗಿತು. ನನಗೆ ನಗು ಬಂತು, ನಗುತ್ತ ನಗುತ್ತ ಅಳು ಬಂತು. ಎರಡು ದಿನಕ್ಕೆ ಹೋಗಿಬಿಟ್ಟರು.

ಕಾರ್ಯದ ದಿನ, ಬಂದವರೆಲ್ಲ ಉಂಡು ಹೋದ ಮೇಲೆ ದೊಡ್ಡತ್ತೆ ಪಡಸಾಲೆಯಲ್ಲಿ ನನ್ನನ್ನು ಹತ್ತಿರ ಕರೆದು ಕೂರಿಸಿಕೊಂಡರು. ಅವರಿಗೂ ಬಹಳ ವಯಸ್ಸಾಗಿತ್ತು.

"ಅವತ್ತ ನೀ ನನ್ನ ಕಾಲಿಗೆ ಬಿದ್ದೆಲ್ಲ, ಅದು ನಮಸ್ಕಾರ ಅಂತ ನಾ ನಂಬಿದ್ನಿ ಅಂತ ತಿಳದೀಯೇನು? ಕಾಲಿಗೆ ಸೈಕಲ್ ಕಟಿಗೊಂಡು ಯಾರರೆ ನಮಸ್ಕಾರ ಮಾಡತಾರೇನವಾ?"

ನಾನು ಕೇಳಿದೆ, "ಮತ್ತ ಆಶೀರ್ವಾದ ಯಾಕ ಮಾಡಿದ್ರಿ?"

"ನಿನ್ನ ಹಿಂದ ಅಂವ ಕೈ ಮುಗದು ನಿಂತಿದ್ದ. ಛತ್ರಿ ಬಗಲಾಗ ಇಟಗೊಂಡು, ಎರಡೂ ಕೈ." ದೊಡ್ಡತ್ತೆ ಸೆರಗಿನಿಂದ ಕಣ್ಣೊರೆಸಿಕೊಂಡರು. "ಸಣ್ಣಾಂವಿದ್ದಾಗ ಸೈಕಲ್ ಬೇಕಂತ ಅತ್ತ, ಊಟಾ ಬಿಟ್ಟ. ಆದ್ರ ಕೈ ಮುಗೀಲಿಲ್ಲ. ತನಗಂತ ಯಾವತ್ತೂ ಮುಗದಾಂವಲ್ಲ ಅಂವ. ನಿನಗಂತ ಮುಗದ."

ಮರುದಿನ ಮುಂಜಾನೆ ಸೈಕಲ್ ತೆಗೆದೆ. ಓಣಿಯ ಆ ತುದಿಗೆ ಹೋಗಿ ತಿರುಗಿ ಬಂದೆ. ಗೇಟಿನ ಮುಂದೆ, ಸೈಕಲ್ ನಿಲ್ಲುವ ಮೊದಲೇ, ಎಡ ಹಿಮ್ಮಡಿ ಹೊರಕ್ಕೆ ತಿರುಗಿಸಿ ಇಳಿದೆ. ಸೈಕಲ್ಲನ್ನು ಗೋಡೆಗೆ ಆನಿಸಿ, ಅವರು ನಿಲ್ಲುತ್ತಿದ್ದ ಕಲ್ಲಿನ ಮುಂದೆ ಉದ್ದಕ್ಕೆ ಬಿದ್ದು ಹಣೆ ಹಚ್ಚಿದೆ.

ಎದುರು ಮನೆಯಾಕೆ ರಂಗೋಲಿಯಿಂದ ತಲೆ ಎತ್ತದೆ ಕೇಳಿದಳು, "ಮತ್ತ ಬಿದ್ಯೇನ ತಂಗಿ?"

"ಇಲ್ರಿ" ಅಂದೆ. "ಈ ಸಲ ಖರೇನ ನಮಸ್ಕಾರ."