ಐದು ಗಿಗಾಹರ್ಟ್ಸ್ ಎಂಬ ವಾದ

ಪ್ರೊಸೆಸರ್ ಡಬ್ಬಿಯ ಮೇಲೆ ಕಂಪನಿಯವರು ಅಚ್ಚು ಹಾಕಿಸುವ ಗರಿಷ್ಠ ವೇಗ ಶುದ್ಧ ಬುರುಡೆ ಎಂಬುದು ನನ್ನ ವಾದವಾಗಿತ್ತು. ಚರ್ಚಾಸ್ಪರ್ಧೆಗಳಲ್ಲಿ ನನ್ನ ಜೋಡಿಯಾಗಿದ್ದ ಭದ್ರಾವತಿ ನ್ಯೂ ಟೌನಿನ ಗೆಳೆಯ ಇದನ್ನು ಒಪ್ಪಲಿಲ್ಲ. ಸೋತವರು ಕಾಲೇಜಿನ ವಾಟ್ಸಾಪ್ ಗುಂಪಿನಲ್ಲಿ ಸೋಲೊಪ್ಪಿ ಬರೆಯಬೇಕೆಂದು ಪಂಥ ಕಟ್ಟಿದೆವು. ಆ ಗುಂಪಿನಲ್ಲಿ ನಾನು ಅದುವರೆಗೆ ಯಾವ ವಿಷಯಕ್ಕೂ ‘ನನ್ನದು ತಪ್ಪು’ ಎಂದು ಬರೆದವನಲ್ಲ.

ಆಯುಧಪೂಜೆಯ ಮರುದಿನ ಅವನು ಬಸ್ಸು ಹತ್ತಿ ವಿನೋಬನಗರದ ನಮ್ಮ ಮನೆಗೆ ಬಂದ. ನನ್ನ ಕಂಪ್ಯೂಟರಿನಲ್ಲೇ ಪರೀಕ್ಷೆ. ಡಬ್ಬಿ ಐದು ಗಿಗಾಹರ್ಟ್ಸ್ ಎನ್ನುತ್ತಿತ್ತು. ಪರದೆಯ ಮೇಲಿನ ಅಂಕಿ ನಾಲ್ಕೂವರೆಯ ಹತ್ತಿರವೇ ಕುಂಟುತ್ತಿತ್ತು.

“ನೋಡಿದ್ಯಾ? ಈಗ್ಲೇ ಬರೆದ್ಬಿಡು,” ಎಂದೆ.

ಅವನು ಪರದೆ ಬಿಟ್ಟು ಮೇಜಿನ ಕೆಳಗಿದ್ದ ಸಿಪಿಯು ಪೆಟ್ಟಿಗೆಯತ್ತ ಬಗ್ಗಿದ. ಹಿಂದಿನ ದಿನ ಅಮ್ಮ ಸ್ಕೂಟರ್, ಮಿಕ್ಸಿಗಳ ಜೊತೆ ಕಂಪ್ಯೂಟರಿಗೂ ವಿಭೂತಿ ಹಚ್ಚಿ, ಬಿಸಿಗಾಳಿ ಹೊರಬರುವ ಮೇಲಿನ ಜಾಲರಿಯ ತುಂಬ ಸೇವಂತಿಗೆ ಮಾಲೆಯನ್ನು ಸುರುಳಿ ಸುತ್ತಿ ಇಟ್ಟಿದ್ದಳು. ಪೂಜೆಯಲ್ಲಿ ನಂಬಿಕೆಯಿಲ್ಲದ ನಾನು ಆ ಕಡೆ ನೋಡಿಯೇ ಇರಲಿಲ್ಲ.

“ಮಾರಾಯ, ಇದಕ್ಕೆ ಉಸಿರಾಡೋಕೂ ಬಿಡಲ್ವಾ ನೀನು? ಬಿಸಿಯಾದ್ರೆ ವೇಗ ತಾನೇ ಇಳಿಸ್ಕೊಳ್ಳುತ್ತೆ,” ಎಂದವನೇ ಅಡುಗೆಮನೆಯತ್ತ ಕೂಗಿದ: “ಆಂಟಿ, ಹೂ ಪಕ್ಕಕ್ಕಿಡ್ಲಾ?”

“ಇಡಪ್ಪಾ, ಕಾಲಿಗೆ ಸಿಗದ ಹಾಗೆ ಇಡು,” ಎಂದಳು ಅಮ್ಮ.

ಸ್ವಲ್ಪ ಹೊತ್ತಿಗೆ ಅಂಕಿ ಐದನ್ನು ಮುಟ್ಟಿ ಕೆಳಗಿಳಿಯಿತು.

“ಒಂದೇ ಕ್ಷಣ, ಅದೂ ಪ್ರೊಸೆಸರಿನ ಅಷ್ಟೂ ಕೋರ್‌ಗಳಲ್ಲಿ ಒಂದೇ ಒಂದು,” ಎಂದೆ.

“ಭಾಷಣ ಆಮೇಲೆ. ಮುಟ್ತೋ ಇಲ್ವೋ, ಅಷ್ಟು ಹೇಳು.”

ಮುಟ್ಟಿತ್ತು. ಗುಂಪಿನಲ್ಲಿ ಸೋಲನ್ನು ಬರೆದೆ; ಒಂದು ಕ್ಷಣ ನಿಲ್ಲುವುದನ್ನು ವೇಗ ಎನ್ನಬಹುದೇ ಎಂದು ಕೆಳಗೆ ನಾಲ್ಕು ಪ್ಯಾರಾ ಸೇರಿಸಿದೆ. ಅವನು ಮೊದಲ ಸಾಲನ್ನಷ್ಟೇ ಸ್ಕ್ರೀನ್‌ಶಾಟ್ ತೆಗೆದು ತನ್ನ ಡಿಪಿಗೆ ಹಾಕಿಕೊಂಡ.