ಇಪ್ಪತ್ತಾರು ತಂಬಿಗೆಗಳಲ್ಲಿ ಯಾವುದು?

ತಂಬಿಗೆ ಬೆಳಗಿದ್ದಕ್ಕೆ ಯಾರಾದರೂ ಅತ್ತದ್ದನ್ನು ನೋಡಿದ್ದೀರಾ? ಕಳೆದ ಶನಿವಾರ ನಾನೇ ಅತ್ತುಬಿಟ್ಟೆ. ಅದೂ ಬಂದವರ ಎದುರಿಗೇ.

ಪುಣೆಯ ಹಳೆ ಪೇಠೆಯ ದೊಡ್ಡ ವಾಡೆ ಮನೆಯೊಂದರಲ್ಲಿರುವ ಸಣ್ಣ ಮ್ಯೂಸಿಯಂಗೆ ನಾನು ಕೆಲಸಕ್ಕೆ ಹೋಗುವುದು ನಿಮಗೆ ಗೊತ್ತೇ ಇದೆ. (ರಿಟೈರ್ ಆದಮೇಲೆ ಸುಮ್ಮನೆ ಕೂಡಬಾರದು ಎಂದರು ಮನೆಯವರು. ಕೂತಿದ್ದರೆ ಒಳ್ಳೆಯದಿತ್ತು ಎಂದು ಈಗ ಅನಿಸುತ್ತದೆ.) ರಾಜರ ಕತ್ತಿ, ಗುರಾಣಿ ಅಲ್ಲಿಲ್ಲ. ಜನ ತಮ್ಮ ಮನೆಯಿಂದ ತಂದುಕೊಟ್ಟ ಒರಳು, ಶಾವಿಗೆ ಮಣೆ, ದೀಪ, ತಂಬಿಗೆಗಳಿವೆ. ಯಾವುದು ಯಾರದು ಎಂಬುದೆಲ್ಲ ಒಂದು ದಪ್ಪ ರಿಜಿಸ್ಟರ್‌ನಲ್ಲಿದೆ. ಪ್ರತಿ ವಸ್ತುವಿನ ತಳಕ್ಕೆ ಕೆಂಪು ಬಣ್ಣದಲ್ಲಿ ಒಂದು ನಂಬರ್. ರಿಜಿಸ್ಟರ್‌ನಲ್ಲೂ ಅದೇ ನಂಬರ್.

ಇದನ್ನೆಲ್ಲ ಡಿಜಿಟಲ್ ಮಾಡಲೇಬೇಕೆಂದು ಹಟ ಹಿಡಿದವಳು ನಾನೇ. ಫೋಟೋ, ರಿಜಿಸ್ಟರ್, ಯಾವ ಕಪಾಟು ಎಂಬ ವಿವರ, ಮೂರೂ ಒಂದೇ ಕಡೆ. ಹೆಸರು ಟೈಪ್ ಮಾಡಿದರೆ ಸಾಕು, ವಸ್ತು ಕಣ್ಣೆದುರು. ಬೆಂಗಳೂರಿನ ಎಂಜಿನಿಯರ್ ಸುಹಾಸ್ ಸಿಸ್ಟಮ್ ಕಟ್ಟಿದರು. ರಿಜಿಸ್ಟರ್ ಪೂರ್ತಿ ನಾನು ಟೈಪ್ ಮಾಡಿದೆ. ಉಳಿದದ್ದು ಫೋಟೋ.

ಫೋಟೋ ತೆಗೆಯುವ ಹಿಂದಿನ ದಿನ ಕಮಲಾಬಾಯಿ ಬಂದಳು. ಅಥಣಿ ಕಡೆಯವಳು, ಮ್ಯೂಸಿಯಂ ಸ್ವಚ್ಛ ಮಾಡುವವಳು. "ಅಕ್ಕಾರ, ಭಾಂಡೆ ಹಿಂಗ ಕರ್ರಗ ಇಟ್ಟು ಫೋಟೋ ತಗಸ್ತೀರೇನ್ರಿ? ನೋಡಿದ ಮಂದಿ ಏನಂದಾರು?"

ನಿಜವೇ ಅನಿಸಿತು. ಬೆಳಗದ ಪಾತ್ರೆಯನ್ನು ನಾಲ್ಕು ಜನರ ಮುಂದೆ ಇಟ್ಟು ನಮಗೆ ರೂಢಿಯೇ ಇಲ್ಲ. ನೆಂಟರು ಬರುತ್ತಾರೆಂದರೆ ಮೊದಲು ಹುಣಸೆಹಣ್ಣು ನೆನೆಹಾಕುವ ಮಂದಿ ನಾವು. "ತಿಕ್ಕಿಬಿಡವಾ" ಎಂದೆ. ಹುಣಸೆಹಣ್ಣು ಸಾಲದು ಎಂದು ಅಂಗಡಿಯ ಪೌಡರನ್ನೂ ತರಿಸಿಕೊಟ್ಟೆ.

ಇಪ್ಪತ್ತಾರು ಹಿತ್ತಾಳೆ ತಂಬಿಗೆಗಳು ಅಂಗಳದ ಬಿಸಿಲಿನಲ್ಲಿ ಸಾಲಾಗಿ ಕೂತವು. ಕಣ್ಣು ಕೋರೈಸಿತು. ಕಮಲಾಬಾಯಿಗೆ ಶಹಬ್ಬಾಸ್ ಎಂದೆ. ಫೋಟೋಗಳೂ ಭಾಳ ಚಂದ ಬಂದವು.

ಮೂರನೇ ದಿನ ಸುಹಾಸ್ ಕೇಳಿದರು, "ಮೇಡಂ, ತಂಬಿಗೆಗಳ ನಂಬರ್ ಎಲ್ಲಿ? ತಳದ ಫೋಟೋದಲ್ಲೂ ಕಾಣ್ತಾನೇ ಇಲ್ವಲ್ಲ."

ಓಡಿಹೋಗಿ ಒಂದೊಂದನ್ನೇ ಬೋರಲು ಹಾಕಿ ನೋಡಿದೆ. ಒಂದರ ತಳದಲ್ಲೂ ಚೂರು ಕೆಂಪು ಉಳಿದಿರಲಿಲ್ಲ. ಅಷ್ಟು ನಿಷ್ಠೆಯಿಂದ ತಿಕ್ಕಿದ್ದಳು.

"ನಂಬರ್ ಇಲ್ದೆ ಯಾವ ಫೋಟೋ ಯಾರ ಎಂಟ್ರಿಗೆ ಅಂತ ಲಿಂಕ್ ಮಾಡಕ್ಕಾಗಲ್ಲ ಮೇಡಂ. ಹಳೇ ಫೋಟೋ ಏನಾದ್ರೂ ಇದ್ಯಾ?"

ಇರಲಿಲ್ಲ. ರಿಜಿಸ್ಟರ್‌ನಲ್ಲಿ ಇಪ್ಪತ್ತಾರು ಹೆಸರುಗಳ ಮುಂದೆಯೂ ಬರೆದಿರುವುದು ಒಂದೇ ಸಾಲು: ‘ಹಿತ್ತಾಳೆ ತಂಬಿಗೆ, ಮಧ್ಯಮ ಗಾತ್ರ’. ಅದನ್ನು ಬರೆದವರಿಗೇನು ಗೊತ್ತು, ಮುಂದೆ ನನ್ನಂಥ ಜಾಣೆಯೊಬ್ಬಳು ಬರುತ್ತಾಳೆಂದು?

ತಂಬಿಗೆ ಕೊಟ್ಟವರಿಗೆ ಯಾರಿಗೂ ತಿಳಿಸಲಿಲ್ಲ. ಶನಿವಾರ ಸುಶೀಲಾಬಾಯಿ ಬಂದರು.

ಅವರ ತವರು ಬೈಲಹೊಂಗಲ, ಈಗ ಇರುವುದು ಪುಣೆ ಹತ್ತಿರದ ತಳೇಗಾಂವ ದಾಭಾಡೆಯಲ್ಲಿ. ತಾಯಿ ತೀರಿಕೊಂಡ ವರ್ಷ ಆಕೆಯ ತಂಬಿಗೆಯನ್ನು ನಮಗೆ ಕೊಟ್ಟಿದ್ದರು. ಮನೆಯಲ್ಲಿಟ್ಟರೆ ಯಾರಾದರೂ ಹಳೆ ಸಾಮಾನಿನವನಿಗೆ ಹಾಕಿಬಿಡುತ್ತಾರೆ, ಇಲ್ಲಿದ್ದರೆ ಅವ್ವನ ಹೆಸರಾದರೂ ಉಳಿಯುತ್ತದೆ ಎಂದು. ವರ್ಷಕ್ಕೊಮ್ಮೆ, ತಾಯಿಯ ತಿಥಿಯ ವಾರ ಬಂದು, ಅದನ್ನೊಂದಿಷ್ಟು ಹೊತ್ತು ಕೈಯಲ್ಲಿ ಹಿಡಿದು ಕೂತು ಹೋಗುತ್ತಾರೆ.

ತಂಬಿಗೆಗಳನ್ನೆಲ್ಲ ಅವರ ಮುಂದಿಟ್ಟು ನಡೆದದ್ದನ್ನು ಹೇಳಿದೆ.

"ಹೊಟ್ಟಿ ಮ್ಯಾಲ ಒಂದು ಕರೀ ಕಲೆ ಇತ್ರಿ" ಎಂದರು. "ಅವ್ವ ಎಷ್ಟ ತಿಕ್ಕಿದ್ರೂ ಹೋಗ್ತಿದ್ದಿಲ್ಲ."

ಅವ್ವನ ಕೈಗೆ ಹೋಗದ ಕಲೆ ನಾನು ತರಿಸಿದ ಪೌಡರಿಗೆ ಹೋಗಿತ್ತು.

ಬೈಯುತ್ತಾರೆ ಎಂದುಕೊಂಡೆ. ಬೈದಿದ್ದರೆ ಎಷ್ಟೋ ಹಗುರಾಗುತ್ತಿತ್ತು. ಅವರು ಒಂದೊಂದೇ ತಂಬಿಗೆ ಎತ್ತಿ, ಕಂಠದ ಸುತ್ತ ಬೆರಳಾಡಿಸಿ, ಕೆಳಗಿಟ್ಟರು. ಇಪ್ಪತ್ತಾರೂ ಮುಗಿದವು. ಮತ್ತೆ ಮೊದಲಿನಿಂದ ಶುರು ಮಾಡಿದರು. ಕಮಲಾಬಾಯಿ ಬಾಗಿಲಲ್ಲಿ ಸೆರಗು ಬಾಯಿಗೊತ್ತಿಕೊಂಡು ನಿಂತಿದ್ದಳು. ಅವಳದೇನು ತಪ್ಪು? ಪೌಡರ್ ಕೊಟ್ಟವಳು ನಾನು, ಶಹಬ್ಬಾಸ್ ಅಂದವಳೂ ನಾನು. ಅಲ್ಲಿಗೆ ನನ್ನಿಂದ ತಡೆಯಲಾಗಲಿಲ್ಲ.

ಸುಶೀಲಾಬಾಯಿ ನನ್ನ ಮುಖ ನೋಡಿದರು. ಕೈಗೆ ಹತ್ತಿರವಿದ್ದ ಒಂದನ್ನು ಎತ್ತಿ, "ಇದ ಇರಬೇಕ ತಗೋರಿ" ಎಂದರು. "ನೀವು ಕಣ್ಣಾಗ ನೀರ ತರಬ್ಯಾಡ್ರಿ."

ನನ್ನನ್ನು ಸಮಾಧಾನ ಮಾಡಲು ಆಕೆ ತನ್ನ ತಾಯಿಯನ್ನು ಅಂದಾಜಿನ ಮೇಲೆ ಆರಿಸಿದರು. ನಾನು ಬೇಡ ಎನ್ನಲಿಲ್ಲ, ಧೈರ್ಯವಾಗಲಿಲ್ಲ. ಆ ಫೋಟೋವನ್ನು ಅವರ ತಾಯಿಯ ಹೆಸರಿಗೆ ಜೋಡಿಸಿದೆ. ಅವರು ಲೋಕಲ್ ಟ್ರೇನ್ ಹಿಡಿಯಲು ಹೊರಟರು. ನಾಳೆ ಇನ್ನೊಬ್ಬರು ಬಂದು ಅದೇ ತಂಬಿಗೆ ಎತ್ತಿಕೊಂಡು ‘ಇದು ನಮ್ಮಜ್ಜಿಯದು’ ಎಂದರೆ ಏನು ಹೇಳಲಿ?

ಈಗ ಆ ಹೆಸರು ಟೈಪ್ ಮಾಡಿದರೆ ಸಾಕು, ನಾನು ಆಸೆಪಟ್ಟಂತೆಯೇ ತಂಬಿಗೆ ಕಣ್ಣೆದುರು ಬರುತ್ತದೆ. ಪಕ್ಕದಲ್ಲಿ ಹಸಿರು ಅಕ್ಷರದಲ್ಲಿ ‘ಪರಿಶೀಲಿಸಲಾಗಿದೆ’ ಎಂದಿದೆ, ಪರಿಶೀಲಿಸಿದವರು ಎಂಬಲ್ಲಿ ನನ್ನ ಹೆಸರಿದೆ.