ಕುತ್ತಿಗೆ ಬಾವು ಮತ್ತು ಹಸುವಿನ ವ್ಯಾಪಾರ

ನೆಗಡಿಯಾಗಿ ವಾಸಿಯಾದ ಮೇಲೆ ನನಗೆ ದವಡೆ ನೋವು ಬಂತು. ಬಲಗಡೆ ದವಡೆಯಿಂದ ಕಿವಿಯ ತನಕ ಎಳೆಯುತ್ತಿತ್ತು. ಉಗುಳು ನುಂಗಲೂ ಕಷ್ಟ. ಆ ಕಡೆ ಒಂದು ಹಲ್ಲು ಮೊದಲೇ ಅಲ್ಲಾಡುತ್ತಿದ್ದುದರಿಂದ ಇದು ಅದರದೇ ಕೆಲಸ ಅಂದುಕೊಂಡೆ. ಹಲ್ಲಿನಿಂದ ಇಷ್ಟು ನೋವು ಬರುವುದಿಲ್ಲ ಅಂತ ಹಲ್ಲಿನ ಡಾಕ್ಟರು ಹೇಳಿದರೂ ಹಟ ಮಾಡಿ ಕೀಳಿಸಿಕೊಂಡು ಬಂದೆ. ಕೀಳಿಸಿದ ಜಾಗ ಮಾಯುವ ಹೊತ್ತಿಗೆ ನೋವು ಎಡಗಡೆಗೆ ಹೋಗಿ ಕೂತಿತ್ತು. ಹಲ್ಲು ನೋವು ಹೀಗೆ ಮನೆ ಬದಲಾಯಿಸುವುದನ್ನು ನಾನೆಲ್ಲೂ ಕಂಡಿರಲಿಲ್ಲ.

ನಮ್ಮದು ಜಕ್ಕೂರಿನ ಹಳೇ ಊರೊಳಗಿನ ಮನೆ. ಹೊಲ ಲೇಔಟಾಗಿ ಬಹಳ ವರ್ಷವಾಯಿತು. ಮನೆ ಹಿಂದಿನ ಕೊಟ್ಟಿಗೆ ಉಳಿದಿತ್ತು, ಅದರಲ್ಲಿ ಒಂದು ಸೀಮೆಹಸು. ಕೆರೆ ಕಡೆಯಿಂದ ಹುಲ್ಲು ಕೊಯ್ದು ತರುವುದು ಮಗ, ಎದುರಿನ ಅಪಾರ್ಟ್‌ಮೆಂಟಿಗೆ ಹಾಲು ಕೊಟ್ಟು ಬರುವುದು ಸೊಸೆ, ಹಾಲು ಕರೆಯುವುದು ನಾನು. ನಾನಲ್ಲದೆ ಬೇರೆ ಯಾರು ಕೂತರೂ ಅದು ಸರಿಯಾಗಿ ಹಾಲು ಇಳಿಸುತ್ತಿರಲಿಲ್ಲ.

ನೋವಿನ ಹಿಂದೆಯೇ ಮೈಗೆ ಕಾವು ಹತ್ತಿತು. ಚಳಿಗಾಲದಲ್ಲೂ ಫ್ಯಾನ್ ಬೇಕು. ಸುಮ್ಮನೆ ಕೂತಿದ್ದರೂ ಎದೆ ಡವಡವ ಅನ್ನುತ್ತಿತ್ತು. ಹೊಟ್ಟೆ ತುಂಬ ತಿಂದರೂ ರವಿಕೆ ಸಡಿಲವಾಗುತ್ತಾ ಹೋಯಿತು. ಸಿಟ್ಟಂತೂ ಹೇಳುವ ಹಾಗಿಲ್ಲ. ಸಾರಿಗೆ ಉಪ್ಪು ಕಮ್ಮಿಯೆಂದು ಸೊಸೆಯ ಮುಂದೆ ಪಾತ್ರೆ ಕುಕ್ಕಿ, ಅವಳ ಅಪ್ಪನ ಮನೆಯವರನ್ನೆಲ್ಲ ಎಳೆದು ತಂದು ಬೈದೆ. ನಾನು ಮೊದಲಿನಿಂದಲೂ ಮೆತ್ತಗೆ ಮಾತಾಡುವವಳಲ್ಲ. ಹಾಗಾಗಿ ಇದು ಕಾಯಿಲೆ ಅಂತ ಯಾರಿಗೂ ಹೊಳೆಯಲಿಲ್ಲ.

ಹೊಳೆದದ್ದು ಹಸುವಿಗೆ. ನಡುಗುವ ಕೈ ಮೊಲೆಗೆ ತಾಗುತ್ತಲೇ ಒದ್ದು ಬಕೆಟ್ ಉರುಳಿಸಿತು. ಮಗ ಅಷ್ಟಕ್ಕೇ ಕಾದಿದ್ದವನ ಹಾಗೆ, ನಿನಗೆ ವಯಸ್ಸಾಯಿತು, ಇನ್ನು ಇದನ್ನು ಕೊಟ್ಟುಬಿಡೋಣ ಅಂದ. ನಾನು ಸತ್ತ ಮೇಲೆ ಮಾರಿಕೋ ಅಂತ ಬೀದಿಗೆ ಕೇಳುವ ಹಾಗೆ ಕೂಗಿದೆ.

ಕುತ್ತಿಗೆಯ ಮುಂದೆ ಊದಿರುವುದನ್ನು ನೋಡಿದವಳು ಸೊಸೆ. ಬೈಸಿಕೊಂಡ ಸಿಟ್ಟು ಮುಖದಲ್ಲಿದ್ದರೂ ನನ್ನನ್ನು ಬಸ್ಸು ಹತ್ತಿಸಿ ಯಲಹಂಕದ ಡಾಕ್ಟರಮ್ಮನ ಹತ್ತಿರ ಕರೆದುಕೊಂಡು ಹೋದಳು. ಅವರು ಕುತ್ತಿಗೆ ಮುಟ್ಟಿದರೆ ನಾನು ಅವರ ಕೈಯನ್ನೇ ತಳ್ಳಿದೆ, ಅಷ್ಟು ನೋವು. ರಕ್ತ ಪರೀಕ್ಷೆ ಆದ ಮೇಲೆ ಅವರು ಬಿಡಿಸಿ ಹೇಳಿದರು. ಥೈರಾಯ್ಡ್ ಗ್ರಂಥಿಗೆ ಬಾವು ಬಂದಿದೆಯಂತೆ. ನೆಗಡಿಯಂಥ ಕಾಯಿಲೆಯ ಬೆನ್ನಿಗೆ ಕೆಲವರಿಗೆ ಹೀಗಾಗುತ್ತದಂತೆ. ಗ್ರಂಥಿ ಹೊಸದಾಗಿ ಹಾರ್ಮೋನು ಹೆಚ್ಚು ತಯಾರಿಸುತ್ತಿಲ್ಲ, ಕೂಡಿಟ್ಟುಕೊಂಡಿದ್ದು ಒಟ್ಟಿಗೆ ರಕ್ತಕ್ಕೆ ಸೋರುತ್ತಿದೆ, ಕಾವು, ನಡುಕ, ಸಿಟ್ಟು ಎಲ್ಲ ಅದರಿಂದಲೇ ಅಂದರು. ಸೋರಿ ಖಾಲಿಯಾದ ಮೇಲೆ ಇದಕ್ಕೆ ಪೂರ್ತಿ ಉಲ್ಟಾ ಆಗುತ್ತದೆ, ಮೈ ಭಾರ, ಚಳಿ, ಯಾವುದೂ ಬೇಡ ಅನ್ನಿಸುವುದು. ಆಮೇಲೆ ಬಹಳ ಜನಕ್ಕೆ ಸರಿಹೋಗುತ್ತದೆ, ಕೆಲವರಿಗೆ ಮಾತ್ರ ಮಾತ್ರೆ ಕಾಯಂ ಆಗುತ್ತದೆ.

ನನಗೆ ಇದು ಅರ್ಥವಾಗಲು ತಡವಾಗಲಿಲ್ಲ. ಹಸುವಿಗೆ ಕೆಚ್ಚಲು ಬಾವು ಬಂದಾಗ ನೋಡಿದ್ದೇನೆ. ಮುಟ್ಟಲು ಬಿಡುವುದಿಲ್ಲ, ಹಾಲು ಕೆಡುತ್ತದೆ, ಆಮೇಲೆ ಬತ್ತುತ್ತದೆ, ಬಾವು ಇಳಿದ ಮೇಲೆ ಹಾಲು ಮತ್ತೆ ಬರುತ್ತದೆ. ಒಂದೊಂದು ಹಸುವಿಗೆ ಒಂದು ಮೊಲೆ ಬತ್ತಿಯೇ ಹೋಗುವುದೂ ಉಂಟು. ಹೀಗೋ ಅಂತ ಕೇಳಿದೆ. ಡಾಕ್ಟರಮ್ಮ ನಕ್ಕು, ಹಸು ವಿಷಯ ನನಗೆ ಗೊತ್ತಿಲ್ಲ, ಒಂದೇ ಅಂತ ಹೇಳಲಾರೆ, ನಿಮಗೆ ಹಾಗೆ ನೆನಪಿಟ್ಟುಕೊಳ್ಳಲು ಸುಲಭವಾದರೆ ಇಟ್ಟುಕೊಳ್ಳಿ ಅಂದರು. ನೋವಿಗೆ, ಎದೆ ಬಡಿತಕ್ಕೆ ಮಾತ್ರೆ ಕೊಟ್ಟರು. ಪಕ್ಕದ ಮನೆಯವಳು ನನಗೂ ಥೈರಾಯ್ಡೇ, ನನ್ನ ಮಾತ್ರೆ ತಗೊಳ್ಳಿ ಅಂತ ಕೊಡಲು ಬಂದಿದ್ದಳು. ತಗೊಳ್ಳುವ ಮೊದಲು ಡಾಕ್ಟರಮ್ಮನನ್ನು ಕೇಳಿದ್ದು ಒಳ್ಳೆಯದಾಯಿತು. ಮೊದಲೇ ತುಂಬಿ ಸೋರುತ್ತಿರುವಾಗ ಮೇಲೆ ಇನ್ನಷ್ಟು ಸುರಿದಂತೆ ಆಗುತ್ತಿತ್ತಂತೆ.

ಡಾಕ್ಟರಮ್ಮ ಹೇಳಿದ ಹಾಗೇ ಆಯಿತು. ನೋವು ಹೋಯಿತು, ನಡುಕ ನಿಂತಿತು, ಆಮೇಲೆ ಮೈ ಕಲ್ಲಾಯಿತು. ಮುಖ ಊದಿತು. ಬಿಸಿಲಲ್ಲಿ ಸ್ವೆಟರ್ ಹಾಕಿಕೊಂಡು ಗೋಡೆಗೆ ಒರಗಿ ಕೂತರೆ ಏಳುವ ಮನಸ್ಸಿಲ್ಲ. ಹಸು ಕೂಗಿದರೂ ಕೂಗಲಿ ಬಿಡು ಅನ್ನಿಸುತ್ತಿತ್ತು. ಸೊಸೆ ಕರೆಯಲು ಕೂತರೆ ಅರ್ಧ ಕೊಟ್ಟು ಅರ್ಧ ಒಳಗೇ ಇಟ್ಟುಕೊಳ್ಳುತ್ತಿತ್ತು.

ಅದೇ ಸಮಯ ನೋಡಿ ಮಗ ಶೆಟ್ಟಿಹಳ್ಳಿ ಕಡೆಯ ಒಬ್ಬನನ್ನು ಕರೆತಂದ. ಬಂದವನು ಹಸುವಿನ ಹಲ್ಲು ನೋಡಿದ, ಕೆಚ್ಚಲು ನೋಡಿದ, ಕೊಡುತ್ತೀರಾ ಅಂತ ನನ್ನನ್ನು ಕೇಳಿದ. ಹೊಡ್ಕೊಂಡೋಗಪ್ಪ ಅಂದೆ. ಬೆಲೆ ಕೂಡ ಕೇಳಲಿಲ್ಲ.

ಸೊಸೆ ಒಳಗಿನಿಂದ ಬಂದು ಕೊಟ್ಟಿಗೆ ಬಾಗಿಲಲ್ಲಿ ನಿಂತಳು. "ಇವತ್ತು ಬೇಡ."

"ಅಮ್ಮನೇ ಏಳ್ತಾವ್ಳಲ್ಲ, ನಿಂದೇನು?" ಅಂದ ಮಗ.

"ಅತ್ತೆ ಹೇಳ್ತಿಲ್ಲ, ಅವ್ರ ಕುತ್ತಿಗೆ ಹೇಳ್ತಿರೋದು. ಆವತ್ತು ನಮ್ಮಪ್ಪನ ಮನೆಯವ್ರನ್ನ ಬೈದಿದ್ದೂ ಅದೇ. ಅದನ್ನ ನಾನು ಲೆಕ್ಕಕ್ಕೆ ತಗೊಳ್ಲಿಲ್ಲ, ಇದನ್ನ ನೀವು ತಗೋಬೇಡಿ."

ಬಂದವನು ಚಪ್ಪಲಿ ಮೆಟ್ಟಿಕೊಂಡ. "ಕುತ್ಗೆ ಜೊತೆ ಯಾಪಾರ ಮಾಡೋಕೆ ನಂಗ್ ಬರಾಕಿಲ್ಲ ಕಣಪ್ಪ. ಮಾತು ಅಜ್ಜಿ ಬಾಯಿಂದ್ಲೇ ಬಂದ್ಮೇಲೆ ಫೋನ್ ಮಾಡು."

ನನಗೆ ಆಗ ಖುಷಿಯೂ ಆಗಲಿಲ್ಲ, ಬೇಜಾರೂ ಆಗಲಿಲ್ಲ. ಬಿಸಿಲು ಸರಿದಿತ್ತು, ಅದರ ಹಿಂದೆ ನಾನೂ ಸರಿದು ಕೂತೆ.

ಡಾಕ್ಟರಮ್ಮ ಆಗ ಬೇರೆ ಮಾತ್ರೆ ಕೊಟ್ಟು, ಮತ್ತೆ ಮತ್ತೆ ರಕ್ತ ನೋಡಿ, ಕೆಲವು ತಿಂಗಳ ಮೇಲೆ ಕಮ್ಮಿ ಮಾಡಿ ನಿಲ್ಲಿಸಿದರು. ಸರಿಹೋಗಿದ್ದು ನನಗೆ ಗೊತ್ತಾದದ್ದು ಕೊಟ್ಟಿಗೆಯಲ್ಲಿ. ಗಂಜಲ ಸರಿಯಾಗಿ ತೊಳೆದಿರಲಿಲ್ಲ. ಮಗನನ್ನು ಬೈದೆ, ಚೆನ್ನಾಗಿಯೇ ಬೈದೆ, ಆದರೆ ಎದೆ ಹೊಡೆದುಕೊಳ್ಳಲಿಲ್ಲ, ಕೈ ನಡುಗಲಿಲ್ಲ. ಬೈದು ಮುಗಿಸಿ ಹಾಲು ಕರೆಯಲು ಕೂತೆ. ಹಸು ಪೂರ್ತಿ ಇಳಿಸಿತು.

ಕರೆದಾದ ಮೇಲೆ ಏಳಲು ಕಂಬ ಹಿಡಿಯಬೇಕಾಯಿತು. ಮಾರನೆ ದಿನವೂ ಹಾಗೇ, ಅದರ ಮುಂದೆಯೂ ಹಾಗೇ. ಇದು ಕುತ್ತಿಗೆಯದಲ್ಲ, ಮಂಡಿಯದು. ಇದು ಬಂದು ಹೋಗುವಂಥದ್ದಲ್ಲ. ಕರೆಯುತ್ತಲೇ ಇದನ್ನು ಯೋಚಿಸಿದೆ. ಮಗ ಹಾಲು ಕರೆಯಲು ಕಲಿಯುವುದಿಲ್ಲ, ಸೊಸೆಗೆ ಅದು ಅರ್ಧವೇ ಕೊಡುವುದು. ಅರ್ಧ ಕರೆದು ಬಿಟ್ಟರೆ ಒಂದಲ್ಲ ಒಂದು ದಿನ ಕೆಚ್ಚಲು ಕೆಡುತ್ತದೆ. ಶೆಟ್ಟಿಹಳ್ಳಿಯವನಿಗೆ ಫೋನ್ ಮಾಡಲು ನಾನೇ ಹೇಳಿದೆ.

ಸೊಸೆಗೆ ಸಿಟ್ಟು ಬಂತು. "ಹಂಗಾದ್ರೆ ಆವತ್ತು ನಾನ್ಯಾಕೆ ಅಡ್ಡ ನಿಂತ್ಕೊಂಡೆ ಅತ್ತೆ?"

"ಆವತ್ತಾಗಿದ್ರೆ ಯಾರ ಕೈಗೆ ಕೊಡ್ತೀನಿ ಅಂತ್ಲೂ ನೋಡ್ತಿರ್ಲಿಲ್ಲ ಕಣೇ. ಈಗ ನೋಡ್ತೀನಿ."

ಅವನು ಬಂದಾಗ ಮನೆಯಲ್ಲಿ ಹಾಲು ಕರೆಯುವವರು ಯಾರು ಅಂತ ಕೇಳಿದೆ. ಹೆಂಡತಿ ಅಂದ. ಹಾಗಾದರೆ ಅವಳನ್ನು ಕರೆದುಕೊಂಡು ಬಾ ಅಂತ ವಾಪಸ್ಸು ಕಳಿಸಿದೆ. ಗೊಣಗುತ್ತಾ ಹೋಗಿ ಸಂಜೆ ಕರೆತಂದ. ದಪ್ಪ ಕೈಯಿನ, ಮಾತು ಕಮ್ಮಿಯ ಹೆಂಗಸು. ಕೆಚ್ಚಲು ತೊಳೆದಳು, ಕೈಗೆ ಎಣ್ಣೆ ಸವರಿಕೊಂಡಳು, ಆದರೂ ತಕ್ಷಣ ಕೈ ಹಾಕಲಿಲ್ಲ. ಹಸುವಿನ ಪಕ್ಕೆಗೆ ಭುಜ ಒರಗಿಸಿಕೊಂಡು ಸುಮ್ಮನೆ ಕೂತಳು. ಹಸು ತಿರುಗಿ ನನ್ನನ್ನು ಒಂದು ಸಲ ನೋಡಿತು. ನಾನು ಹತ್ತಿರ ಹೋಗಲಿಲ್ಲ. ಸ್ವಲ್ಪ ಹೊತ್ತಿಗೆ ಬಕೆಟ್ಟಿನಲ್ಲಿ ಹಾಲು ಬೀಳುವ ಸದ್ದು ಕೇಳಿಸಿತು.

ಆಮೇಲೆ ಬೆಲೆ ಮಾತಾಡಿದೆವು. ಅದರಲ್ಲಿ ನಾನು ಅವನಿಗೆ ಏನೂ ಬಿಟ್ಟುಕೊಡಲಿಲ್ಲ.